ಉಪ್ಪು ಬಂದ ದಿನಾಂಕ: ಕರಾವಳಿಯ 19 ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಉತ್ತರ ಕನ್ನಡದಿಂದ 6, ಉಡುಪಿಯಿಂದ 5, ದಕ್ಷಿಣ ಕನ್ನಡದಿಂದ 8, ಒಟ್ಟು 19 ಜನ ನೀವು. ಪಕ್ಷ ಯಾವುದಾದರೂ ಇರಲಿ, ಪತ್ರ ಎಲ್ಲರಿಗೂ ಒಂದೇ. ಬೇರೆ ಬೇರೆ ಬರೆಯುವ ಕಷ್ಟವನ್ನು ನಾನು ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಒಂದನ್ನು ಹತ್ತೊಂಬತ್ತು ಮಾಡುವುದೇ ನನ್ನ ಕಸುಬು. ಕುಮಟಾ ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಊರು ಅಲ್ಲಿಂದ ಏಳೆಂಟು ಕಿಲೋಮೀಟರ್ ದೂರ, ಅಘನಾಶಿನಿಯ ಹಿನ್ನೀರಿನ ಅಂಚಿನಲ್ಲಿ. ಅಲ್ಲಿನ ಗಜನಿಯಲ್ಲಿ, ಅಂದರೆ ಹಿನ್ನೀರಿನ ತಗ್ಗಿನ ಗದ್ದೆಯಲ್ಲಿ, ನಮ್ಮ ಮನೆಗೆ ಎರಡು ಎಕರೆ ಪಾಲು ಇದೆ. ‘ಇದೆ’ ಎನ್ನುವುದು ಪಹಣಿಯ ಮಾತು. ಪಹಣಿಯ ಬೆಳೆ ಕಾಲಂನಲ್ಲಿ ಇಂದಿಗೂ ಭತ್ತ ಎಂದೇ ಬರುತ್ತದೆ. ಕಳೆದ ವರ್ಷ ಅಲ್ಲಿ ನನಗೆ ಸಿಕ್ಕಿದ್ದು ಏಡಿ.

ಈ ಪತ್ರ ಹುಟ್ಟಿದ್ದು ಒಂದು ಅರ್ಜಿಯಿಂದ. ಮೂರು ಮಳೆಗಾಲದ ಹಿಂದೆ ನಮ್ಮ ಗಜನಿಯಲ್ಲಿ ಬಿತ್ತಿದ್ದೆಲ್ಲ ಉಪ್ಪುನೀರಿಗೆ ಹೋಯಿತು. ಬೆಳೆ ನಷ್ಟದ ಅರ್ಜಿ ಹಾಕೋಣವೆಂದು ಒಂದು ಕಚೇರಿಗೆ ಹೋದೆ. ಆ ನಮೂನೆ ನನಗೆ ಹೊಸದೇನಲ್ಲ. ಹಗಲಿಡೀ ಅದರ ಪ್ರತಿ ತೆಗೆದುಕೊಡುವವನು ನಾನೇ, ಯಾವ ಕಾಲಂ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ತುಂಬಲು ಕುಳಿತಾಗ ಒಂದು ಕಡೆ ಪೆನ್ನು ನಿಂತಿತು. ‘ಘಟನೆ ನಡೆದ ದಿನಾಂಕ’ ಎಂದಿತ್ತು. ಅಲ್ಲಿ ಏನು ಬರೆಯಲಿ? ಖಾಲಿ ಬಿಟ್ಟು ಕೊಟ್ಟೆ. ಮೇಜಿನ ಆಚೆಗಿದ್ದವರು ಕಾಗದ ತಿರುಗಿಸಿ ನನ್ನ ಕಡೆ ತಳ್ಳಿದರು. ‘ನೀರು ನುಗ್ಗಿದ್ದು ಯಾವತ್ತು?’ ಎಂದು ಕೇಳಿದರು. ನುಗ್ಗಲಿಲ್ಲ, ಬಂತು ಎಂದೆ. ‘ಬಂದದ್ದು ಯಾವತ್ತು?’ ಎಂದರು. ಹತ್ತು ಹನ್ನೆರಡು ವರ್ಷದಿಂದ ಬರುತ್ತಲೇ ಇದೆ ಎಂದೆ. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ದಿನಾಂಕ ಇಲ್ಲದಿದ್ದರೆ ಕಂಪ್ಯೂಟರ್ ಮುಂದಿನ ಪುಟಕ್ಕೆ ಹೋಗುವುದಿಲ್ಲ ಎಂದು ಪರದೆಯನ್ನೇ ನನ್ನ ಕಡೆ ತಿರುಗಿಸಿ ತೋರಿಸಿದರು. ಅವರದೇನೂ ತಪ್ಪಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದವರೊಬ್ಬರು ‘ಯಾವುದಾದರೂ ಅಮಾವಾಸ್ಯೆಯ ತಾರೀಕು ಹಾಕಿ ಮುಗಿಸಿ ಮಾರಾಯರೇ’ ಎಂದು ಉಪಾಯ ಹೇಳಿಕೊಟ್ಟರು. ಸುಳ್ಳು ಬರೆಯಲು ಮನಸ್ಸು ಬರಲಿಲ್ಲ, ಅರ್ಜಿ ವಾಪಸು ತಂದೆ.

ನಿಮ್ಮ ಲೆಕ್ಕಕ್ಕೆ ಸಿಗುವುದೆಲ್ಲ ದಿನಾಂಕ ಇರುವ ಕಷ್ಟಗಳು. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂತು, ಇಡೀ ಕರಾವಳಿಯನ್ನು ಬಡಿಯಿತು, ಅದಕ್ಕೆ ದಿನಾಂಕವಿದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಆ ದಿನಾಂಕವನ್ನು ಈ ಜಿಲ್ಲೆಯಲ್ಲಿ ಯಾರೂ ಮರೆಯುವುದಿಲ್ಲ. ಅಂಥ ದಿನಗಳಲ್ಲಿ ನೀವು ಬಂದಿದ್ದೀರಿ, ಇಲ್ಲವೆನ್ನುವುದಿಲ್ಲ. ಜೂನ್, ಜುಲೈನಲ್ಲಿ ಅಲೆ ಎದ್ದು ಎರಡು ತೆಂಗಿನ ಮರ ಉರುಳಿದರೂ ಗಂಬೂಟು ಹಾಕಿಕೊಂಡು ದಂಡೆಗೆ ಬರುತ್ತೀರಿ. ಆ ಫೋಟೊಗಳನ್ನು ಲ್ಯಾಮಿನೇಷನ್ ಮಾಡಿಸಲು ನಿಮ್ಮ ಕಾರ್ಯಕರ್ತರು ಬರುವುದು ನನ್ನ ಅಂಗಡಿಗೇ. ಆದರೆ ಕಡಲಿಗೆ ಇನ್ನೊಂದು ದಾರಿಯಿದೆ. ಅದು ಅಳಿವೆಯೊಳಗೆ ಸದ್ದಿಲ್ಲದೆ ಬಂದು, ಹೊಳೆ ಹಿಡಿದು ಮೇಲೇರಿ, ಹಿತ್ತಲ ಬಾಗಿಲಿನಿಂದ ಗದ್ದೆಗೂ ಬಾವಿಗೂ ಇಳಿಯುತ್ತದೆ. ಆ ಬಾಗಿಲಿಗೆ ನಿಮ್ಮಲ್ಲಿ ಯಾರೂ ಬಂದದ್ದನ್ನು ನಾನು ನೋಡಿಲ್ಲ. ಅಲ್ಲಿ ಫೋಟೊಕ್ಕೆ ಏನೂ ಇಲ್ಲ, ನಿಜ.

ಕಡಲು ಎಷ್ಟು ಏರಿದೆ ಎಂದು ಕೇಳುತ್ತೀರಿ. ಕೇಂದ್ರದ ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ಹವಾಮಾನ ವರದಿಯಲ್ಲಿ ಲೆಕ್ಕವಿದೆ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1874ರಿಂದ 2004ರವರೆಗೆ ವರ್ಷಕ್ಕೆ 1.06ರಿಂದ 1.75 ಮಿಲಿಮೀಟರ್‌ನಂತೆ ಏರುತ್ತಿತ್ತು. 1993ರಿಂದ 2015ರ ನಡುವೆ ಆ ವೇಗ ವರ್ಷಕ್ಕೆ 3.3 ಮಿಲಿಮೀಟರ್ ಆಯಿತು. ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ನೋಡಿದೆ. ಆ 22 ವರ್ಷಕ್ಕೆ ಏಳು ಸೆಂಟಿಮೀಟರ್ ಚಿಲ್ಲರೆ. ಕೈ ಜೋಡಿಸಿ ಹಿಡಿದರೆ ನಾಲ್ಕು ಬೆರಳಗಲ. ಇದನ್ನು ಕೇಳಿದವರು ಸಾಮಾನ್ಯವಾಗಿ ‘ಇಷ್ಟೇನಾ?’ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನೂ ಹಾಗೆಯೇ ಅಂದ. ಅವನಿಗೆ ನಾಲ್ಕು ಬೆರಳು ಎಂದರೆ ಮನೆ ಮುಂದೆ ಮಳೆನೀರು ನಿಂತಷ್ಟು. ಈ ನಾಲ್ಕು ಬೆರಳು ಏನೆಂದು ತಿಳಿಯಬೇಕಾದರೆ ಗಜನಿ ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದಿರಬೇಕು. ಸ್ವಲ್ಪ ಉದ್ದವಾದರೂ ಹೇಳುತ್ತೇನೆ, ಏಕೆಂದರೆ ನಿಮ್ಮಲ್ಲಿ ಹಲವರು ಹೆದ್ದಾರಿಯ ಸೇತುವೆಯ ಮೇಲಿಂದ ಅದನ್ನು ನೋಡಿ ಬರಿಯ ಕೆಸರು ಎಂದುಕೊಂಡಿದ್ದೀರಿ.

ಹೊಳೆ ಕಡಲು ಸೇರುವ ಮುನ್ನ ಅಗಲವಾಗುವ ತಗ್ಗಿನಲ್ಲಿ, ಸುತ್ತ ಮಣ್ಣಿನ ಒಡ್ಡು ಹಾಕಿ ಮಾಡಿಕೊಂಡ ಗದ್ದೆಯೇ ಗಜನಿ. ಒಡ್ಡಿನ ನಡುವೆ ಅಲ್ಲಲ್ಲಿ ಮರದ ಬಾಗಿಲು, ನಾವು ಜಂತ್ರಡಿ ಎನ್ನುತ್ತೇವೆ. ಜೂನ್ ತಿಂಗಳ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗ ಬಿತ್ತುತ್ತೇವೆ. ಗೊಬ್ಬರವಿಲ್ಲ, ಔಷಧವಿಲ್ಲ. ಕಗ್ಗ ಆಳೆತ್ತರ ಬೆಳೆಯುವ ಭತ್ತ, ತೆನೆಗೆ ಉದ್ದನೆಯ ಮೀಸೆ. ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ, ಸ್ವಲ್ಪ ಉಪ್ಪು ತಾಗಿದರೂ ಮುನಿಯುವುದಿಲ್ಲ. ಅಕ್ಕಿ ಕೆಂಪು, ಗಂಜಿ ಕುಡಿದರೆ ಮಧ್ಯಾಹ್ನದವರೆಗೆ ಹಸಿವೆಯ ಮಾತಿಲ್ಲ. ಮಳೆಗಾಲ ಮುಗಿಯುವಾಗ ತೆನೆ ಮಾತ್ರ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತೇವೆ. ಆಮೇಲೆ ಜಂತ್ರಡಿ ತೆರೆದು ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡರೆ, ಆ ಹುಲ್ಲು ಕೊಳೆತ ನೀರಿನಲ್ಲಿ ಸೀಗಡಿ, ಮೀನು ಕೊಬ್ಬುತ್ತವೆ. ಮಳೆಗಾಲದಲ್ಲಿ ಅನ್ನ, ಬೇಸಿಗೆಯಲ್ಲಿ ಮೇಲೋಗರ, ಎರಡೂ ಒಂದೇ ಗದ್ದೆಯಿಂದ. ಹಿನ್ನೀರಿನ ಇನ್ನೊಂದು ಮಗ್ಗುಲಿಗೆ, ಸಾಣಿಕಟ್ಟಾದಲ್ಲಿ, ಇದೇ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ಬೆಳೆಯುತ್ತಾರೆ. ಉಪ್ಪಿನೊಡನೆ ನಮಗೆಂದೂ ಜಗಳ ಇರಲಿಲ್ಲ. ಅದಕ್ಕೆ ಅದರದೇ ಜಾಗ, ಅದರದೇ ತಿಂಗಳು ಇತ್ತು.

ಈಗ ಜಂತ್ರಡಿಯ ಹತ್ತಿರ ಬನ್ನಿ. ದಿನಕ್ಕೆ ಎರಡು ಭರತ, ಎರಡು ಇಳಿತ. ಕಡತದ ಭಾಷೆಯಲ್ಲಿ ಭರತಕ್ಕೆ ಉಬ್ಬರ ಎನ್ನುತ್ತೀರಿ. ಬಾಗಿಲು ಕಾಯುವವನು ಭರತ ಏರುವಾಗ ಹಲಗೆ ಇಳಿಸಿ ಮುಚ್ಚಬೇಕು, ಇಳಿತದಲ್ಲಿ ಹೊರಗಿನ ನೀರು ಒಳಗಿನದಕ್ಕಿಂತ ಕೆಳಗೆ ಹೋದಾಗ ತೆರೆದು ಗದ್ದೆಯ ಮಳೆನೀರನ್ನು ಹೊರಗೆ ಬಿಡಬೇಕು. ಮಧ್ಯರಾತ್ರಿಯಾದರೂ ಸರಿ, ಕೊಡೆ ಹಿಡಿದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಹಲಗೆ ಎತ್ತಬೇಕು. ನನ್ನ ಅಪ್ಪ ಮೂವತ್ತು ವರ್ಷ ಮಾಡಿದ ಕೆಲಸ ಅದು. ಅವರ ಕಾಲದಲ್ಲಿ ಒಂದು ಇಳಿತಕ್ಕೆ ಬಾಗಿಲು ತೆರೆದರೆ ಒಂದು ಬೀಡಿ ಸೇದಿ, ಮನೆಗೆ ಬಂದು, ಒಂದು ನಿದ್ದೆ ತೆಗೆದು ಹೋಗಿ ಮುಚ್ಚುವಷ್ಟು ಹೊತ್ತು ಸಿಗುತ್ತಿತ್ತು. ಈಗ ಆ ಕೆಲಸ ಮಾಡುವ ನನ್ನ ಅಣ್ಣ ಬಾಗಿಲ ಬಳಿಯೇ ಕುಳಿತಿರುತ್ತಾನೆ, ಮನೆಗೆ ಬರುವುದಿಲ್ಲ. ಕಡಲು ನಾಲ್ಕು ಬೆರಳು ಏರಿತೆಂದರೆ ಭರತ ಮಾತ್ರ ಏರಿತೆಂದು ಅರ್ಥವಲ್ಲ, ಇಳಿತವೂ ಮೊದಲಿನಷ್ಟು ಕೆಳಗೆ ಹೋಗುವುದಿಲ್ಲ. ಬಾಗಿಲು ತೆರೆದಿಡುವ ಹೊತ್ತು ಎರಡೂ ತುದಿಯಿಂದ ಸವೆಯುತ್ತದೆ. ಮೊದಲಿನಷ್ಟೇ ಮಳೆ ಬಂದರೂ ಗದ್ದೆಯ ನೀರು ಮೊದಲಿನಷ್ಟು ಹೊರಗೆ ಹೋಗುವುದಿಲ್ಲ, ಮಣ್ಣಿನ ಉಪ್ಪು ತೊಳೆಯುವುದಿಲ್ಲ. ಒಡ್ಡಿನ ಮೇಲಿನಿಂದ ನೀರು ಹೊರಳಿ ಬಂದರೆ ಎಲ್ಲರಿಗೂ ಕಾಣುತ್ತದೆ. ನೀರು ಹೊರಗೆ ಹೋಗಲಾರದೆ ಉಳಿದರೆ ಬಾಗಿಲು ಕಾಯುವವನೊಬ್ಬನಿಗೆ ಕಾಣುತ್ತದೆ. ಮಂಗಳೂರಿನವರಿಗೆ ಇದು ಬೇರೆ ರೂಪದಲ್ಲಿ ಗೊತ್ತಿರಬೇಕು. ಜೋರು ಮಳೆ, ಹೊಳೆಯಲ್ಲಿ ಭರತ, ರಾಜಕಾಲುವೆಯ ನೀರು ಹೋಗಲು ಜಾಗವಿಲ್ಲದೆ ರಸ್ತೆಗೆ ಬರುತ್ತದೆ. ಅದೇ ಕಥೆ.

ಒಡ್ಡು ಎತ್ತರಿಸಿದರೆ ಆಯಿತಲ್ಲ ಎನ್ನಬೇಡಿ. ನಮ್ಮ ಕಡೆ ದೊಡ್ಡ ಅಮಾವಾಸ್ಯೆಯ ಭರತ ಕೂಡ ಎರಡು ಮೀಟರಿನ ಆಸುಪಾಸಿನದು. ಒಡ್ಡುಗಳಿರುವುದು ಅದನ್ನು ತಡೆಯುವಷ್ಟೇ ಎತ್ತರಕ್ಕೆ. ಖಾರ್‌ಲ್ಯಾಂಡ್ (ಉಪ್ಪುನೆಲದ) ಒಡ್ಡುಗಳ ದುರಸ್ತಿಗೆ ಆಗಾಗ ಹಣ ಬಂದಿದೆ, ಕಲ್ಲು ಕಟ್ಟಿಸಿದ್ದಾರೆ, ಕೆಲವು ಕಡೆ ಕಾಂಕ್ರೀಟ್ ಕೂಡ ಇದೆ. ನನ್ನ ಪ್ರಶ್ನೆ ಒಂದೇ: ಆ ಒಡ್ಡುಗಳ ಎತ್ತರವನ್ನು ಯಾವ ವರ್ಷದ ಭರತ ನೋಡಿ ನಿಗದಿ ಮಾಡಿದಿರಿ? ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ 2021ರ ವರದಿಯಲ್ಲಿ ಇಡೀ ಜಗತ್ತಿನ ಸರಾಸರಿ ಲೆಕ್ಕವಿದೆ. 1901ರಿಂದ 2018ರವರೆಗೆ ಸುಮಾರು 20 ಸೆಂಟಿಮೀಟರ್ ಏರಿದೆ. ಈ ಶತಮಾನದ ಕೊನೆಗೆ, 1995–2014ರ ಮಟ್ಟಕ್ಕೆ ಹೋಲಿಸಿದರೆ, ಹೊಗೆಯನ್ನು ಗಟ್ಟಿಯಾಗಿ ತಗ್ಗಿಸಿದರೂ 28ರಿಂದ 55 ಸೆಂಟಿಮೀಟರ್, ಹೊಗೆ ವಿಪರೀತ ಏರುತ್ತಲೇ ಹೋದರೆ 63ರಿಂದ 101 ಸೆಂಟಿಮೀಟರ್. ಅಂದರೆ ಜಗತ್ತು ಎಷ್ಟೇ ಒಳ್ಳೆಯದಾಗಿ ನಡೆದುಕೊಂಡರೂ ನನ್ನ ಮೊಮ್ಮಕ್ಕಳ ಕಾಲಕ್ಕೆ ಒಂದಡಿಯ ಆಸುಪಾಸಿನ ನೀರು ಖಚಿತ. ಕಡಲು ಏರುವುದರಲ್ಲಿ ಅರ್ಧದಷ್ಟು ಪಾಲು ನೀರು ಬಿಸಿಯಾಗಿ ಹಿಗ್ಗಿದ್ದರದು, ಉಳಿದದ್ದು ಹೆಚ್ಚಾಗಿ ಕರಗಿದ ಹಿಮದ್ದು. ಬಿಸಿಯಾದ ಕಡಲು ನಾಳೆಯೇ ತಣ್ಣಗಾಗುವುದಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ತಿಂದವರು ಎಲ್ಲೋ ಇದ್ದಾರೆ, ಕುಡಿಯುತ್ತಿರುವವರು ನಾವು.

ಕುಡಿಯುವ ಮಾತು ಬಂತು, ಬಾವಿಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಮನೆಯ ಬಾವಿ ಚೀರೆಕಲ್ಲಿನದು, ಅಜ್ಜನ ಕಾಲದ್ದು. ನನ್ನ ಹೆಂಡತಿ ಮೊದಲು ಗಮನಿಸಿದ್ದು ಚಹಾದಲ್ಲಿ. ಹಾಲು ಹಾಕಿದ ಕೂಡಲೇ ಒಡೆದಂತೆ ಆಗುತ್ತಿತ್ತು, ಹಾಲಿನವನ ಮೇಲೆ ಒಂದು ವಾರ ಕೂಗಾಡಿದೆವು. ಆಮೇಲೆ ತೊಗರಿಬೇಳೆ ಬೇಯುವುದು ನಿಂತಿತು. ಮುಂದಿನ ಬೇಸಿಗೆಗೆ ತಾಮ್ರದ ಹಂಡೆಯ ಒಳಗೆ ಬಿಳಿಯ ಪದರ ಕಟ್ಟಿತು. ಅಂಗಡಿಗೆ ಬರುವ ಹುಡುಗನೊಬ್ಬನ ಸಲಹೆ ಕೇಳಿ ನೀರಿನಲ್ಲಿ ಕರಗಿದ ಲವಣ ಅಳೆಯುವ, ಪೆನ್ನಿನಂಥ ಒಂದು ಟಿಡಿಎಸ್ ಮೀಟರ್ ತರಿಸಿದೆ, ಕೆಲವು ನೂರು ರೂಪಾಯಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯೇ ಇಲ್ಲದಿದ್ದರೆ 2,000ದವರೆಗೆ ನಡೆಯುತ್ತದೆ ಎಂಬುದು ನಮ್ಮ ದೇಶದ ಮಾನದಂಡ. ಮೇ ಕೊನೆಯ ವಾರ ನಮ್ಮ ಬಾವಿಯಲ್ಲಿ ಅದು 2,000 ದಾಟಿತು. ಶ್ರಾವಣದ ಮಳೆಯಲ್ಲಿ ಮತ್ತೆ ಇಳಿಯಿತು. ಅಂದಿನಿಂದ ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕದಲ್ಲೇ ಅದನ್ನೂ ಬರೆಯುತ್ತೇವೆ.

ಇದರ ಹಿಂದಿನ ಕಾರಣ ಸರಳ. ಕಡಲ ಬದಿಯ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಮಜ್ಜಿಗೆಯ ಮೇಲೆ ಬೆಣ್ಣೆಯ ಹಾಗೆ. ಸಿಹಿನೀರು ಕಡಲ ಮಟ್ಟಕ್ಕಿಂತ ಒಂದಡಿ ಮೇಲಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರಿರುತ್ತದೆ ಎಂಬುದು ಭೂಜಲ ತಜ್ಞರ ಹಳೆಯ ಲೆಕ್ಕ. ಆ ಒಂದಡಿಯಲ್ಲಿ ಸ್ವಲ್ಪ ಕಳೆದುಕೊಂಡರೂ ಕೆಳಗಿನದು ನಲವತ್ತು ಪಟ್ಟು ಕಳೆಯುತ್ತದೆ. ನಾಲ್ಕು ಬೆರಳನ್ನು ನಲವತ್ತರಿಂದ ಗುಣಿಸಿ ನೋಡಿ. ಹಾಗೆಂದು ಎಲ್ಲವನ್ನೂ ಕಡಲ ತಲೆಗೆ ಕಟ್ಟುವುದಿಲ್ಲ. ನಮ್ಮೂರಿನಲ್ಲಿ ಕೊಳವೆಬಾವಿ ಕೊರೆದವರು ನಾವೇ, ರೆಸಾರ್ಟಿಗೆ ಟ್ಯಾಂಕರಿನಲ್ಲಿ ನೀರು ಮಾರಿದವರೂ ನಮ್ಮವರೇ. ಮೇಲಿನಿಂದ ನಾವು ಎಳೆಯುತ್ತಿದ್ದೇವೆ, ಕೆಳಗಿನಿಂದ ಕಡಲು ತಳ್ಳುತ್ತಿದೆ. ಎಳೆಯುವುದರ ಪಾಲು ಇಂದಿಗೆ ದೊಡ್ಡದು ಎಂದೇ ನನ್ನ ಅಂದಾಜು. ಆದರೆ ಎಳೆಯುವುದನ್ನು ನಿಲ್ಲಿಸಬಹುದು, ತಳ್ಳುವುದನ್ನು ನಿಲ್ಲಿಸಲಾಗದು. ನಿಮ್ಮ ಕೈಯಲ್ಲಿರುವುದು ಮೊದಲನೆಯದು, ಅದನ್ನಾದರೂ ಮಾಡಬೇಡವೇ?

ತಪ್ಪೊಪ್ಪಿಗೆ ಇನ್ನೂ ಒಂದು ಉಳಿದಿದೆ. ಗಜನಿ ಹಾಳಾದದ್ದರಲ್ಲಿ ಸೀಗಡಿಯ ಪಾಲು ಕಡಿಮೆಯಲ್ಲ. ತೊಂಬತ್ತರ ದಶಕದಲ್ಲಿ ಸೀಗಡಿಗೆ ಬೆಲೆ ಬಂದಾಗ ವರ್ಷವಿಡೀ ಉಪ್ಪುನೀರು ನಿಲ್ಲಿಸಿದರೆ ಹೆಚ್ಚು ದುಡ್ಡು ಎಂದು ಗುತ್ತಿಗೆದಾರರು ಹೇಳಿದರು, ನಾವು ತಲೆಯಾಡಿಸಿದೆವು. ಆಮೇಲೆ ಸೀಗಡಿಗೆ ಬಿಳಿಚುಕ್ಕೆ ರೋಗ ಬಂತು, ಗುತ್ತಿಗೆದಾರರು ಹೋದರು. ಅಷ್ಟರಲ್ಲಿ ಊರೊಟ್ಟಾಗಿ ವರ್ಷಕ್ಕೊಮ್ಮೆ ಒಡ್ಡಿಗೆ ಮಣ್ಣು ಹಾಕುವ ಅಭ್ಯಾಸ ತಪ್ಪಿಹೋಗಿತ್ತು. ಕಗ್ಗದ ಬೀಜ ಉಳಿಸಿಕೊಂಡವರು ಮಾಣಿಕಟ್ಟಾದಂಥ ಕೆಲವೇ ಊರಿನವರು. ಇವತ್ತು ಜಗತ್ತಿನಲ್ಲೆಲ್ಲ ಉಪ್ಪು ತಾಳುವ ಭತ್ತಕ್ಕಾಗಿ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ನಮ್ಮ ಅಜ್ಜಿಯಂದಿರು ಅದನ್ನು ಮಡಕೆಯಲ್ಲಿ ತುಂಬಿಟ್ಟಿದ್ದರು. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು ಎಂದು ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟೆ. ಆ ಪಟ್ಟಿಯನ್ನು ಅಲಂಕಾರಕ್ಕೆ ಇಟ್ಟುಕೊಳ್ಳದೆ, ಕಗ್ಗ ಬಿತ್ತುವವನಿಗೆ ಎಕರೆಗಿಷ್ಟು ಎಂದು ಕೊಟ್ಟರೆ, ಒಡ್ಡಿಗೆ ಮಣ್ಣು ಹಾಕುವ ಕೆಲಸವನ್ನು ಉದ್ಯೋಗ ಖಾತ್ರಿಯಂಥ ಯೋಜನೆಯಲ್ಲಿ ಸೇರಿಸಿದರೆ, ಹಿನ್ನೀರಿನ ಬದಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಟ್ಟು ಒಡ್ಡಿಗೆ ಅಲೆ ಬಡಿಯದಂತೆ ಮಾಡಿದರೆ ಗಜನಿ ಉಳಿದೀತು, ಬಾಗಿಲು ಕಾಯುವವರು ಇನ್ನೂ ಇದ್ದಾರೆ. ಅಣ್ಣನಿಗೆ ಅರವತ್ತನಾಲ್ಕು ವರ್ಷ. ಅವನ ನಂತರ ಯಾರು ಎಂದು ನನಗೂ ಗೊತ್ತಿಲ್ಲ.

ಇನ್ನು ಮುಂಬಾಗಿಲು, ಅಂದರೆ ನೀವು ಕಲ್ಲು ಹಾಕುವ ಕಡೆ. ಕರ್ನಾಟಕದ ಕಡಲತೀರದ ಸುಮಾರು ಕಾಲು ಭಾಗ ಕೊರೆತಕ್ಕೆ ಸಿಕ್ಕಿದೆ ಎಂದು ಕೇಂದ್ರದ ಕರಾವಳಿ ಸಂಶೋಧನಾ ಸಂಸ್ಥೆ ಉಪಗ್ರಹ ಚಿತ್ರ ನೋಡಿ ಹೇಳಿದೆ, ಇಡೀ ದೇಶದ ಲೆಕ್ಕದಲ್ಲಿ ಮೂರನೇ ಒಂದು ಭಾಗ. ಇಲ್ಲಿಯೂ ಪ್ರಾಮಾಣಿಕವಾಗಿ ಮಾತಾಡೋಣ. ಮಳೆಗಾಲದಲ್ಲಿ ಕಡಲು ಮರಳು ಎಳೆದುಕೊಂಡು ಹೋಗುವುದು, ಅಕ್ಟೋಬರ್ ಕಳೆದ ಮೇಲೆ ನಿಧಾನವಾಗಿ ತಂದು ಹಾಕುವುದು ಹಿಂದಿನಿಂದ ನಡೆದುಬಂದ ಕ್ರಮ. ಬಂದರಿಗೆ, ಅಳಿವೆಗೆ ತಡೆದಂಡೆ ಕಟ್ಟಿದಾಗ ಒಂದು ಮಗ್ಗುಲಿಗೆ ಮರಳು ಸೇರಿ ಇನ್ನೊಂದು ಮಗ್ಗುಲು ಬರಿದಾಗುವುದನ್ನೂ ನೋಡಿದ್ದೇವೆ. ಕಡಲ ಏರಿಕೆ ಇವೆಲ್ಲಕ್ಕೂ ಮೇಲಿನಿಂದ ಬಡ್ಡಿ ಸೇರಿಸುತ್ತಿದೆ, ಅಷ್ಟೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಕಡಲೊಳಗೆ ರೀಫ್ (ಅಲೆ ಮುರಿಯುವ ದಿಬ್ಬ), ದಂಡೆಗೆ ಬರ್ಮ್ (ಕಲ್ಲಿನ ಒಡ್ಡು) ಎಂದು ದೊಡ್ಡ ಕೆಲಸ ಮಾಡಿದಿರಿ. ಅಲ್ಲಿಯ ಮನೆಗಳಿಗೆ ಉಸಿರಾಡಲು ಬಿಡುವು ಸಿಕ್ಕಿತು. ಕೊರೆತ ದಕ್ಷಿಣಕ್ಕೆ ಜರುಗಿತು ಎಂದು ಸೋಮೇಶ್ವರ, ಉಚ್ಚಿಲದವರು ಹೇಳುತ್ತಾರೆ. ಕಲ್ಲಿನ ಗೋಡೆ ಮುಗಿಯುವ ಜಾಗದಿಂದ ಹೊಸ ಕೊರೆತ ಶುರುವಾಗುವುದು ಎಲ್ಲ ದೇಶದ ಎಂಜಿನಿಯರುಗಳಿಗೂ ಗೊತ್ತಿರುವ ಸಂಗತಿ.

ಉಳಿದ ಕಡೆ ಏನು ನಡೆಯುತ್ತದೆ? ಜೂನ್‌ನಲ್ಲಿ ಅಲೆ ಬಡಿಯುತ್ತದೆ, ಜುಲೈನಲ್ಲಿ ತುರ್ತು ಕಾಮಗಾರಿ ಎಂದು ಲಾರಿ ಬರುತ್ತದೆ, ಕಲ್ಲು ಸುರಿಯುತ್ತಾರೆ, ಮುಂದಿನ ವರ್ಷ ಆ ಕಲ್ಲು ಮರಳಿನಲ್ಲಿ ಹೂತುಹೋಗುತ್ತದೆ, ಮತ್ತೆ ಲಾರಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎಷ್ಟು ಕಲ್ಲು ಹಾಕಿದರೆಂದು ಕಡಲಿನೊಳಗೆ ಹೋಗಿ ಎಣಿಸುವವರು ಯಾರು ಎಂಬ ಮಾತು ಮೀನು ಮಾರುಕಟ್ಟೆಯಲ್ಲಿ ನಗೆಗೆ ಬಳಕೆಯಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕಲ್ಲು ಬಿದ್ದಲ್ಲಿ ದೋಣಿ ಎಳೆಯಲು ಆಗುವುದಿಲ್ಲ, ದಡದಿಂದ ಕೈಯಲ್ಲಿ ಎಳೆಯುವ ಕೈರಂಪಣಿ ಬಲೆ ಹಾಕಲು ಆಗುವುದಿಲ್ಲ, ಮೀನು ಒಣಗಿಸಲು ಮರಳಿಲ್ಲ. ಮನೆ ಉಳಿಯಿತು, ಕಸುಬು ಹೋಯಿತು.

ನಿಮ್ಮಲ್ಲಿ ಎಂಟು ಜನರ ಕ್ಷೇತ್ರಕ್ಕೆ ಕಡಲೇ ಇಲ್ಲ. ಹಳಿಯಾಳ, ಶಿರಸಿ, ಯಲ್ಲಾಪುರ, ಕಾರ್ಕಳ, ಬೆಳ್ತಂಗಡಿ, ಬಂಟ್ವಾಳ, ಪುತ್ತೂರು, ಸುಳ್ಯ. ನೀವು ಇಲ್ಲಿಯವರೆಗೆ ಓದದೆ ಪಕ್ಕಕ್ಕಿಟ್ಟಿರಲೂಬಹುದು. ಓದುತ್ತಿದ್ದರೆ ಒಂದು ಮಾತು. ಕಡಲ ದಂಡೆಯ ಮರಳಲ್ಲಿ ಹೆಚ್ಚಿನದು ಘಟ್ಟದ ಕಲ್ಲು, ಸವೆದು ಸವೆದು ಹೊಳೆಯಲ್ಲಿ ಇಳಿದು ಬಂದದ್ದು. ಕಾಳಿಗೆ ಸೂಪಾದಿಂದ ಕದ್ರಾದವರೆಗೆ ಸಾಲು ಅಣೆಕಟ್ಟು. ಶರಾವತಿಗೆ 1964ರಿಂದ ಲಿಂಗನಮಕ್ಕಿ. ಮರಳು ಅಲ್ಲಿ ಹೂಳೆಂದು ಕರೆಸಿಕೊಂಡು ಕುಳಿತಿದೆ. ಉಳಿದ ಹೊಳೆಗಳಲ್ಲಿ ಬಂದಷ್ಟನ್ನು ಲಾರಿಗಳು ತುಂಬಿಕೊಳ್ಳುತ್ತವೆ. ಕಡಲು ಏರುತ್ತಿರುವ ಕಾಲದಲ್ಲಿ ದಂಡೆಗೆ ಹೊಸ ಮರಳು ಬರದಿದ್ದರೆ ದಂಡೆ ಹಿಂದೆ ಸರಿಯದೆ ಇನ್ನೇನು ಮಾಡುತ್ತದೆ? ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ. ಅದಕ್ಕೆ ಇನ್ನೂ ಅಣೆಕಟ್ಟು ಬಿದ್ದಿಲ್ಲ. ನಮ್ಮ ಅಳಿವೆಯಲ್ಲಿ ಇನ್ನೂ ಬೆಳಚು, ಚಿಪ್ಪಿಕಲ್ಲು ಸಿಗುತ್ತಿವೆ, ಹೆಂಗಸರು ಇಳಿತದಲ್ಲಿ ಸೊಂಟದವರೆಗೆ ನೀರಿಗಿಳಿದು ಬುಟ್ಟಿ ತುಂಬಿಸುತ್ತಾರೆ ಎಂದರೆ ಅದರ ಪುಣ್ಯ ಶಿರಸಿಯವರಿಗೂ ಸೇರಬೇಕು. ಹೊಳೆಯ ನೀರು ಕಡಲಿಗೆ ಹೋಗಿ ವ್ಯರ್ಥವಾಗುತ್ತದೆ ಎಂದು ಸಭೆಗಳಲ್ಲಿ ಭಾಷಣ ಮಾಡುವವರು ದಯವಿಟ್ಟು ಮೇ ತಿಂಗಳಲ್ಲಿ ನಮ್ಮ ಬಾವಿಯ ನೀರು ಒಂದು ಲೋಟ ಕುಡಿದು ಮಾತಾಡಿ. ಉಪ್ಪುನೀರನ್ನು ಹೊರಗೆ ತಳ್ಳಿ ಹಿಡಿದಿರುವುದು ಆ ವ್ಯರ್ಥ ನೀರೇ.

ದಿನಾಂಕದ ಪ್ರಶ್ನೆಗೆ ಮರಳಿ ಬರುತ್ತೇನೆ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಒಪ್ಪಿದ್ದ ವಿಪತ್ತುಗಳು 12. ಚಂಡಮಾರುತ, ಬರ, ಭೂಕಂಪ, ಪ್ರವಾಹ ಎಲ್ಲ ಇವೆ. ಹಿಮಕುಸಿತವಿದೆ, ಶೀತಗಾಳಿ ಇದೆ, ಆಲಿಕಲ್ಲು ಇದೆ. ಕಡಲ್ಕೊರೆತ ಇಲ್ಲ, ನೆಲಕ್ಕೆ ಉಪ್ಪು ಏರುವುದು ಇಲ್ಲ. ಕುಮಟಾದಲ್ಲಿ ಹಿಮ ಕುಸಿದರೆ ನನಗೆ ಪರಿಹಾರ ಸಿಗುತ್ತದೆ ಎಂದಾಯಿತು. ಆದರೆ ಅದೇ ನಿಯಮದಲ್ಲಿ ಒಂದು ಕಿಂಡಿಯೂ ಇತ್ತು. ರಾಜ್ಯ ನಿಧಿಯ ಶೇಕಡಾ 10ರವರೆಗೆ ಹಣವನ್ನು ರಾಜ್ಯ ಸರ್ಕಾರ ತಾನೇ ಗುರುತಿಸಿದ ಸ್ಥಳೀಯ ವಿಪತ್ತಿಗೆ ಬಳಸಬಹುದು. ಕೇರಳ ಕಡಲ್ಕೊರೆತವನ್ನು ಹಾಗೆ ಗುರುತಿಸಿತು. ನೆಲಕ್ಕೂ ನೀರಿಗೂ ಉಪ್ಪು ಏರುವುದನ್ನು ಕರ್ನಾಟಕ ಹಾಗೆ ಗುರುತಿಸಲಿ, ದಿನಾಂಕದ ಬದಲು ಅಳತೆ ಕೇಳಲಿ. ಗದ್ದೆಯ ಮಣ್ಣು ಎಷ್ಟು ಉಪ್ಪಾಗಿದೆ, ಬಾವಿ ಎಷ್ಟು ಉಪ್ಪಾಗಿದೆ ಎಂದು ಕಡಲ ಬದಿಯ ಪ್ರತಿ ಪಂಚಾಯಿತಿ ಪ್ರತಿ ಮೇ ತಿಂಗಳಲ್ಲಿ ಬರೆದಿಟ್ಟರೆ ಮೂರು ವರ್ಷದಲ್ಲಿ ನಕ್ಷೆಯೇ ಸಿದ್ಧವಾಗುತ್ತದೆ. ಮೀಟರಿನ ಬೆಲೆ ಮೇಲೆ ಹೇಳಿದ್ದೇನೆ. ಒಂದು ಲಾರಿ ಕಲ್ಲಿನ ದುಡ್ಡಿನಲ್ಲಿ ಎಷ್ಟು ಮೀಟರ್ ಬರುತ್ತವೆ ಎಂದು ನಿಮ್ಮ ಆಪ್ತ ಸಹಾಯಕರಿಂದ ಲೆಕ್ಕ ಹಾಕಿಸಿ.

ಇನ್ನೊಂದು ನಕ್ಷೆ ಈಗಾಗಲೇ ಇದೆ. ಪ್ರವಾಹ, ಕಡಲ ಏರಿಕೆ, ದಂಡೆಯ ಬದಲಾವಣೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ದೇಶದ ಇಡೀ ಕರಾವಳಿಗೆ ‘ಅಪಾಯ ರೇಖೆ’ಯನ್ನು ಸರ್ವೆ ಆಫ್ ಇಂಡಿಯಾ ಎಳೆದಿದೆ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಅದನ್ನು ವಿಪತ್ತು ನಿರ್ವಹಣೆಗೆ ಬಳಸಬೇಕೆಂದು ಬರೆದಿದ್ದಾರೆ. ಆ ರೇಖೆ ನನ್ನ ಮನೆಯ ಯಾವ ಕಡೆ ಹಾದುಹೋಗಿದೆ ಎಂದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿಲ್ಲ. ಅದೇ ಅಧಿಸೂಚನೆ ಜನದಟ್ಟಣೆಯ ಹಳ್ಳಿಗಳಲ್ಲಿ ಕಟ್ಟಡ ಕಟ್ಟಬಾರದ ವಲಯವನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಅದರ ಪ್ರತಿಯನ್ನು ನನ್ನ ಅಂಗಡಿಯಲ್ಲಿ ಎಷ್ಟು ಜನ ತೆಗೆಸಿಕೊಂಡರು! ಸಿಆರ್‌ಝಡ್ ಇನ್ನೂ ಸಡಿಲಿಸಬೇಕು, ಪ್ರವಾಸೋದ್ಯಮಕ್ಕೆ ಅಡ್ಡಿ ಎಂಬ ಮಾತು ನಿಮ್ಮ ಬಾಯಲ್ಲಿ ಪಕ್ಷಭೇದವಿಲ್ಲದೆ ಬರುತ್ತದೆ. ಮೀನುಗಾರರ ಮನೆಗೆ ಒಂದು ಕೋಣೆ ಸೇರಿಸಲು ಅಡ್ಡಿಯಾಗುವ ಕಾನೂನನ್ನು ಸಡಿಲಿಸಿ, ಬೇಡವೆನ್ನುವುದಿಲ್ಲ. ಆದರೆ ಮೂರಂತಸ್ತಿನ ಹೋಟೆಲನ್ನು ಅಲೆಯ ಹತ್ತಿರಕ್ಕೆ ತಂದು ನಿಲ್ಲಿಸಿ, ಹತ್ತು ವರ್ಷದ ನಂತರ ಅದನ್ನು ಉಳಿಸಲು ಸರ್ಕಾರದ ಕಲ್ಲು ಹಾಕಿಸುವುದು ಯಾವ ನ್ಯಾಯ? ಆ ಅಪಾಯ ರೇಖೆಯನ್ನು ಕನ್ನಡದಲ್ಲಿ, ಸರ್ವೆ ನಂಬರಿನ ಸಮೇತ, ಪಂಚಾಯಿತಿಯ ಗೋಡೆಗೆ ಹಾಕಿಸಿ. ದೊಡ್ಡ ಪ್ರತಿ ಬೇಕಿದ್ದರೆ ನಾನೇ ತೆಗೆದುಕೊಡುತ್ತೇನೆ.

ಕೆಲವರು ದಂಡೆಯ ಮನೆ ಬಿಟ್ಟು ಏಳಲೇಬೇಕಾಗುತ್ತದೆ. ಆ ಮಾತನ್ನು ನೀವು ಹೇಳುವುದಿಲ್ಲ, ಮತ ಹೋಗುತ್ತದೆಂಬ ಭಯ. ಕೇರಳ ‘ಪುನರ್ಗೇಹಂ’ ಎಂದು ಯೋಜನೆ ಮಾಡಿ, ಭರತದ ಗೆರೆಯಿಂದ 50 ಮೀಟರ್ ಒಳಗಿನ 18,685 ಕುಟುಂಬಗಳನ್ನು ಗುರುತಿಸಿ, ಏಳಲು ಒಪ್ಪುವವರಿಗೆ ಜಾಗಕ್ಕೂ ಮನೆಗೂ ಸೇರಿ 10 ಲಕ್ಷ ರೂಪಾಯಿ ಎಂದಿತು. ಆ ದುಡ್ಡಿಗೆ ಕಡಲ ಹತ್ತಿರ ಎಲ್ಲಿ ಜಾಗ ಸಿಗುತ್ತದೆ ಎಂದು ಅಲ್ಲಿಯ ಮೀನುಗಾರರು ಕೇಳುತ್ತಿದ್ದಾರೆ, ಆ ಪ್ರಶ್ನೆ ಸರಿಯಾದದ್ದೇ. ಆದರೆ ಅಲ್ಲಿ ಕನಿಷ್ಠ ಎಣಿಕೆಯಾದರೂ ಆಯಿತು. ನಮ್ಮಲ್ಲಿ ಅಂಥ ಮನೆಗಳು ಎಷ್ಟು? ಎಣಿಸಿ ಹೇಳಿ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿಯನ್ನು ಇಡೀ ದೇಶಕ್ಕೆಂದು ಶಿಫಾರಸು ಮಾಡಿತ್ತು. ಅದರಲ್ಲಿ ನಮ್ಮ ಮೂರು ಜಿಲ್ಲೆಗಳಿಗೆ ಎಷ್ಟು ಕೇಳಿದಿರಿ, ಎಷ್ಟು ಬಂತು ಎಂದು ನಿಮ್ಮಲ್ಲಿ ಒಬ್ಬರಾದರೂ ಸದನದಲ್ಲಿ ಕೇಳಿ, ಉತ್ತರವನ್ನು ಪತ್ರಿಕೆಗೆ ಕೊಡಿ.

ಈ ಪತ್ರದ ಜೊತೆಗೆ ನನ್ನ ಹಳೆಯ ಅರ್ಜಿಯ ಪ್ರತಿಯೊಂದನ್ನು ಲಗತ್ತಿಸಿದ್ದೇನೆ. ಹೆಸರು, ಸರ್ವೆ ನಂಬರ್, ಬೆಳೆ ಎಲ್ಲ ತುಂಬಿದೆ. ‘ಘಟನೆ ನಡೆದ ದಿನಾಂಕ’ ಎಂಬ ಕಡೆ ಖಾಲಿ ಇದೆ, ಅಲ್ಲಿ ಏನು ಬರೆಯಬೇಕೆಂದು ತಿಳಿದವರು ಬರೆದು ಕಳುಹಿಸಿ. ಬರಲು ಮನಸ್ಸಿದ್ದರೆ ಮುಂದಿನ ಮೇ ತಿಂಗಳ ಅಮಾವಾಸ್ಯೆಯ ಭರತಕ್ಕೆ ಜಂತ್ರಡಿಯ ಬಳಿ ಬನ್ನಿ, ಅಣ್ಣ ಅಲ್ಲೇ ಕುಳಿತಿರುತ್ತಾನೆ. ಗಂಬೂಟು ಬೇಡ, ಕೆಸರು ಮೊಣಕಾಲಿನವರೆಗೆ ಇರುತ್ತದೆ, ಅದರಲ್ಲಿ ಬೂಟು ಸಿಕ್ಕಿಕೊಳ್ಳುತ್ತದೆ. ಕುಡಿಯುವ ನೀರು ಮಾತ್ರ ನೀವೇ ತನ್ನಿ.

ಅರ್ಜಿ ಎರಡು ಪುಟ, ಪುಟಕ್ಕೆ ಎರಡು ರೂಪಾಯಿಯಂತೆ 19 ಜನರಿಗೆ 76 ರೂಪಾಯಿ. ಅದನ್ನು ನನ್ನ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ಇತಿ,
ಕುಮಟಾ ತಾಲ್ಲೂಕಿನ ಒಬ್ಬ ಗಜನಿ ರೈತ